ಯಂತ್ರದ ವೇಗ, ಗೃಹಸ್ಥನ ಮಿತಿ

ಬೆಂಗಳೂರಿನಿಂದ ಹೊರಡುವ ರಾಷ್ಟ್ರೀಯ ಹೆದ್ದಾರಿ 275 ಮೈಸೂರು, ಹುಣಸೂರು, ಪಿರಿಯಾಪಟ್ಟಣಗಳನ್ನು ದಾಟಿ ಕುಶಾಲನಗರದಲ್ಲಿ ನಮ್ಮ ಕೊಡಗನ್ನು ಪ್ರವೇಶಿಸುತ್ತದೆ. ಮಡಿಕೇರಿಯಿಂದ ಸಂಪಾಜೆಯ ಘಟ್ಟವನ್ನಿಳಿದು ಸುಳ್ಯ, ಪುತ್ತೂರುಗಳ ಮಾರ್ಗವಾಗಿ ಬಂಟ್ವಾಳವನ್ನು ಸೇರುತ್ತದೆ. ಸಂಖ್ಯೆ ಒಂದೇ ಆದರೂ ಈ ದಾರಿಯ ಸ್ವಭಾವ ಒಂದೇ ಅಲ್ಲ. ಬೆಂಗಳೂರು ಮತ್ತು ಮೈಸೂರುಗಳ ನಡುವೆ 2023ರ ಮಾರ್ಚ್ 12ರಂದು ಉದ್ಘಾಟನೆಗೊಂಡ ಹೊಸ ಹೆದ್ದಾರಿಯಲ್ಲಿ ಕಾರುಗಳಿಗೆ ಗಂಟೆಗೆ 100 ಕಿಲೋಮೀಟರ್ ಮಿತಿ. ಅದೇ ಕಾರು ಸಂಪಾಜೆಯ ತಿರುವುಗಳಲ್ಲಿ 30ನ್ನು ಮೀರಿದರೆ ಒಳಗೆ ಕುಳಿತವರ ಎದೆ ನಡುಗುತ್ತದೆ. ಆದರೆ ಚಾಲಕನ ಮುಂದಿರುವ ವೇಗಮಾಪಕವನ್ನು ನೋಡಿರಿ. ಅಂಕಿಗಳು 180, 200, ಕೆಲವು ಕಾರುಗಳಲ್ಲಿ 220ರವರೆಗೂ ಹೋಗಿರುತ್ತವೆ. ನಮ್ಮ ದೇಶದ ಯಾವ ಸಾರ್ವಜನಿಕ ರಸ್ತೆಯಲ್ಲೂ 120ಕ್ಕಿಂತ ಹೆಚ್ಚಿನ ವೇಗಕ್ಕೆ ಅನುಮತಿಯಿಲ್ಲ. ಹಾಗಿದ್ದರೆ ಉಳಿದ ಅಂಕಿಗಳು ಯಾರಿಗಾಗಿ?

ಈ ಪ್ರಶ್ನೆಯು ಮಕ್ಕಳ ಪ್ರಶ್ನೆಯಂತೆ ಕಾಣಬಹುದು. ಆದರೆ ವ್ಯಾಪಾರ ವೃತ್ತಿಯಲ್ಲಿ ಬದುಕಿದ ನನ್ನಂಥವನಿಗೆ ಇದು ಬೇರೆ ಬಗೆಯಲ್ಲಿ ತೋರುತ್ತದೆ. ನಮ್ಮ ಅಂಗಡಿಗಳಲ್ಲಿ ಕಾಫಿ, ಕಾಳುಮೆಣಸು, ಏಲಕ್ಕಿಗಳನ್ನು ತೂಗುವ ತಕ್ಕಡಿಗೆ ಕಾಲಕಾಲಕ್ಕೆ ಸರ್ಕಾರದ ಮುದ್ರೆ ಬೀಳಬೇಕು. ‘ತಕ್ಕಡಿ ಹೇಗಾದರೂ ಇರಲಿ, ವ್ಯಾಪಾರಿಯು ಪ್ರಾಮಾಣಿಕನಾಗಿದ್ದರೆ ಸಾಕು, ಮೋಸ ಮಾಡಿದಾಗ ಹಿಡಿದು ದಂಡಿಸೋಣ’ ಎಂದು ಕಾನೂನು ಹೇಳುವುದಿಲ್ಲ. ಅದು ವ್ಯಾಪಾರಿಯ ಮನಸ್ಸನ್ನೂ ನಂಬದೆ, ಉಪಕರಣವನ್ನೂ ನಂಬದೆ, ಎರಡನ್ನೂ ಪರೀಕ್ಷಿಸುತ್ತದೆ. ಕಾರಿನ ವಿಷಯದಲ್ಲಿ ಮಾತ್ರ ಉಪಕರಣವನ್ನು ಸ್ವತಂತ್ರವಾಗಿ ಬಿಟ್ಟು, ಮಿತಿಯನ್ನು ರಸ್ತೆಬದಿಯ ಫಲಕದ ಮೇಲೆ ಬರೆದು, ಅದನ್ನು ಪಾಲಿಸುವ ಹೊಣೆಯನ್ನು ಚಾಲಕನ ಪಾದದ ಮೇಲೆ ಹೊರಿಸಲಾಗಿದೆ. ಮೀರಲು ಬೇಕಾದ ಶಕ್ತಿಯನ್ನು ಕೊಟ್ಟು, ಮೀರಬೇಡವೆಂದು ಹೇಳುವ ಈ ವ್ಯವಸ್ಥೆಯು ಹೇಗೆ ಬಂದಿತು, ಅದರಲ್ಲಿ ನ್ಯಾಯವೆಷ್ಟು, ನಮ್ಮ ಪಾಲೆಷ್ಟು ಎಂಬುದನ್ನು ವಾಚಕರೊಡನೆ ವಿಚಾರ ಮಾಡುವುದು ಈ ಲೇಖನದ ಉದ್ದೇಶ.

ಮೊದಲು ಯಂತ್ರದ ಪರವಾಗಿ ಹೇಳಬೇಕಾದುದನ್ನು ಹೇಳಿಬಿಡುವುದು ಧರ್ಮ. ನಾನು ವಾಣಿಜ್ಯ ಓದಿದವನು; ಎಂಜಿನ್ನಿನ ವಿಷಯ ನನಗೆ ತಿಳಿಸಿಕೊಟ್ಟವನು ಎಂಜಿನಿಯರ್ ಆಗಿರುವ ನನ್ನ ತಮ್ಮನ ಮಗ. ‘ದೊಡ್ಡಪ್ಪ, ನೀವು ಬಯಲಿನ ಲೆಕ್ಕ ಹಾಕುತ್ತಿದ್ದೀರಿ, ಘಟ್ಟದ ಲೆಕ್ಕ ಹಾಕಿ ನೋಡಿ’ ಎಂದು ಅವನು ಕಾಗದದ ಮೇಲೆ ಬರೆದು ತೋರಿಸಿದನು. ಐದು ಜನರೂ ಸಾಮಾನೂ ಸೇರಿ 1,300 ಕಿಲೋ ತೂಗುವ ಒಂದು ಸಣ್ಣ ಕಾರು. ಸಮತಟ್ಟಾದ ರಸ್ತೆಯಲ್ಲಿ ಅದು 100ರ ವೇಗದಲ್ಲಿ ಸಾಗಲು, ಗಾಳಿಯ ತಡೆಯನ್ನೂ ಚಕ್ರಗಳ ತಡೆಯನ್ನೂ ಗೆಲ್ಲಲು, ಅಂದಾಜು 18 ಅಶ್ವಶಕ್ತಿ ಸಾಕು. ಅದೇ ಕಾರು 12 ಮೀಟರ್ ಸಾಗಿದಾಗ 1 ಮೀಟರ್ ಮೇಲೇರುವ ಘಟ್ಟದಲ್ಲಿ ಕೇವಲ 50ರ ವೇಗದಲ್ಲಿ ಹೋಗಬೇಕಾದರೆ ಸುಮಾರು 25 ಅಶ್ವಶಕ್ತಿ ಬೇಕು. ಅಂದರೆ ಬಯಲಿನಲ್ಲಿ 100ರಲ್ಲಿ ಓಡುವುದಕ್ಕಿಂತ ಘಟ್ಟದಲ್ಲಿ 50ರಲ್ಲಿ ಏರುವುದು ಎಂಜಿನ್ನಿಗೆ ಹೆಚ್ಚಿನ ಶ್ರಮ. ಘಟ್ಟವೇರಲೆಂದು ಕೊಟ್ಟ ಆ 25 ಅಶ್ವಶಕ್ತಿಯನ್ನೇ ಬಯಲಿಗೆ ತಂದರೆ ಕಾರು 115ರವರೆಗೆ ಹೋಗಬಲ್ಲದು. ಏರಿನಲ್ಲಿ ಮುಂದಿರುವ ಲಾರಿಯನ್ನು ಹಿಂದಿಕ್ಕಲು ಒಂದಿಷ್ಟು ಹೆಚ್ಚುವರಿ ಬಲ ಇರಲೆಂದು ಶಕ್ತಿಯನ್ನು ಎರಡರಷ್ಟು ಮಾಡಿದರೆ, ಅದೇ ಶಕ್ತಿಯಿಂದ ಬಯಲಿನಲ್ಲಿ 150ರ ವೇಗ ಸಾಧ್ಯವಾಗುತ್ತದೆ.

ಆದ್ದರಿಂದ ಕಾರಿನ ಶಕ್ತಿಯೆಲ್ಲವೂ ದುರಾಸೆಯಿಂದ ಹುಟ್ಟಿದ್ದೆಂದು ಹೇಳಲಾಗದು. ರೈಲುಮಾರ್ಗವಿಲ್ಲದ ನಮ್ಮ ಕೊಡಗಿನಲ್ಲಿ ಗರ್ಭಿಣಿಯನ್ನು ಆಸ್ಪತ್ರೆಗೆ ಒಯ್ಯುವುದೂ, ಮಳೆಗಾಲದಲ್ಲಿ ಮನೆ ತಲಪುವುದೂ ಏರುದಾರಿಯಲ್ಲಿಯೇ. ಸದಾ ತನ್ನ ಪೂರ್ಣ ಬಲವನ್ನು ವ್ಯಯಿಸುತ್ತ ದುಡಿಯುವ ಎತ್ತು ಬೇಗ ಸೋಲುತ್ತದೆ, ಎಂಜಿನ್ನೂ ಹಾಗೆಯೇ. ಶಕ್ತಿಯಲ್ಲಿ ಸ್ವಲ್ಪ ಮಿಗುತಾಯ ಇರುವುದು ವಿವೇಕ.

ಆದರೆ ಇಲ್ಲಿ ಎರಡು ವಿಷಯಗಳನ್ನು ಬೇರ್ಪಡಿಸಿ ನೋಡಬೇಕು. ಘಟ್ಟವೇರುವುದಕ್ಕೆ ಬೇಕಾದದ್ದು ಬಲವೇ ಹೊರತು ವೇಗವಲ್ಲ. ಬಲವನ್ನು ಹಾಗೆಯೇ ಉಳಿಸಿಕೊಂಡು ವೇಗಕ್ಕೆ ಮಾತ್ರ ಕಡಿವಾಣ ಹಾಕುವುದು ಸಾಧ್ಯವೆಂಬುದಕ್ಕೆ ನಮ್ಮ ಹೆದ್ದಾರಿಯಲ್ಲಿ ದಿನವೂ ಓಡಾಡುವ ಲಾರಿಗಳೇ ಸಾಕ್ಷಿ. 2015ರ ಏಪ್ರಿಲ್ 15ರಂದು ಕೇಂದ್ರ ಸರ್ಕಾರವು ಹೊರಡಿಸಿದ ಅಧಿಸೂಚನೆಯಂತೆ, ಆ ವರ್ಷದ ಅಕ್ಟೋಬರ್ 1ರಿಂದ ತಯಾರಾಗುವ ಸಾರಿಗೆ ವಾಹನಗಳಿಗೆ 80 ಕಿಲೋಮೀಟರಿಗೆ ಮೀರದಂತೆ ವೇಗ ನಿಯಂತ್ರಕ, ಅಂದರೆ ಜನ ಕರೆಯುವ ಸ್ಪೀಡ್ ಗವರ್ನರ್, ಇರಬೇಕಾಯಿತು. ಶಾಲಾ ಬಸ್ಸು, ಟ್ಯಾಂಕರ್, ಟಿಪ್ಪರುಗಳಿಗೆ ಆ ಮಿತಿ 60. ಅದೇ ನಿಯಮದಲ್ಲಿ ದ್ವಿಚಕ್ರ, ತ್ರಿಚಕ್ರ ವಾಹನಗಳಿಗೂ, ಎಂಟು ಪ್ರಯಾಣಿಕರವರೆಗಿನ ಸಣ್ಣ ವಾಹನಗಳಿಗೂ, ಆಂಬುಲೆನ್ಸ್, ಅಗ್ನಿಶಾಮಕ ಹಾಗೂ ಪೊಲೀಸ್ ವಾಹನಗಳಿಗೂ ವಿನಾಯಿತಿ ಇತ್ತು. ಗಂಟೆಗೆ 25 ಕಿಲೋಮೀಟರ್ ಮೀರದ ಅಲ್ಪಶಕ್ತಿಯ ವಿದ್ಯುತ್ ಸ್ಕೂಟರಿಗೆ ನೋಂದಣಿಯೇ ಬೇಡವೆಂಬ ನಿಯಮದಲ್ಲಿಯೂ ಕಾನೂನು ಯಂತ್ರದ ಸಾಮರ್ಥ್ಯವನ್ನೇ ಅಳೆಯುತ್ತದೆ. ಹಾಗಾದರೆ ಯಂತ್ರವನ್ನು ಕಟ್ಟಿಹಾಕುವ ವಿದ್ಯೆ ಸರ್ಕಾರಕ್ಕೂ ತಯಾರಕರಿಗೂ ತಿಳಿಯದ್ದಲ್ಲ. ಕಾಫಿ ಮೂಟೆ ಹೊತ್ತ ಲಾರಿಗೆ ಕಟ್ಟಿದ ಕಡಿವಾಣವನ್ನು, ಅದರ ಯಜಮಾನನು ಕುಳಿತ ಕಾರಿಗೆ ಕಟ್ಟಿಲ್ಲ, ವಿಷಯ ಇಷ್ಟೇ.

ಏಕೆ ಕಟ್ಟಿಲ್ಲ ಎಂಬುದಕ್ಕೆ ಉತ್ತರ ಇತಿಹಾಸದಲ್ಲಿದೆ. ಅಮೆರಿಕದ ಸಿನ್ಸಿನಾಟಿ ನಗರದಲ್ಲಿ 1923ರಲ್ಲಿ, ಬೀದಿಗಳಲ್ಲಿ ಮಕ್ಕಳು ಕಾರಿಗೆ ಸಿಕ್ಕಿ ಸಾಯುವುದನ್ನು ಕಂಡು ನೊಂದ ನಾಗರಿಕರು, ನಗರದ ಪ್ರತಿಯೊಂದು ಕಾರಿಗೂ ಗಂಟೆಗೆ 25 ಮೈಲಿ, ಅಂದರೆ 40 ಕಿಲೋಮೀಟರ್, ದಾಟದಂತೆ ಯಾಂತ್ರಿಕ ನಿಯಂತ್ರಕವನ್ನು ಅಳವಡಿಸಬೇಕೆಂದು ಬೇಡಿಕೆಯಿಟ್ಟರು. 42,000ಕ್ಕೂ ಹೆಚ್ಚು ಜನ ಅರ್ಜಿಗೆ ಸಹಿ ಹಾಕಿದರು. ಕಾರು ವ್ಯಾಪಾರಿಗಳೂ ಕಾರು ಮಾಲೀಕರ ಸಂಘಗಳೂ ಒಟ್ಟಾಗಿ ಅದರ ವಿರುದ್ಧ ದೊಡ್ಡ ಪ್ರಚಾರ ನಡೆಸಿದರು. ನವೆಂಬರಿನಲ್ಲಿ ನಡೆದ ಮತದಾನದಲ್ಲಿ ಪ್ರಸ್ತಾವ ಸೋತಿತು. ವೇಗವನ್ನು ಯಂತ್ರದಲ್ಲಿ ತಡೆಯಬೇಕೇ, ಮನುಷ್ಯನಲ್ಲಿ ತಡೆಯಬೇಕೇ ಎಂಬ ಚರ್ಚೆಗೆ ಈಗ ನೂರು ವರ್ಷ ಮೀರಿದೆ. ಅಂದು ಯಂತ್ರವು ಬಿಡುಗಡೆ ಪಡೆಯಿತು. ಮನುಷ್ಯನ ತಪ್ಪನ್ನು ಹುಡುಕುವ ಪದ್ಧತಿ ಬೆಳೆಯಿತು.

ಅನಂತರ ನಡೆದ ಪ್ರಯತ್ನಗಳೆಲ್ಲ ಅರೆಮನಸ್ಸಿನವು. 1979ರಲ್ಲಿ ಅಮೆರಿಕವು ವೇಗಮಾಪಕಗಳಲ್ಲಿ 85 ಮೈಲಿಗಿಂತ ಹೆಚ್ಚಿನ ಅಂಕಿಯನ್ನು ಬರೆಯಕೂಡದೆಂದು ನಿಯಮ ಮಾಡಿತು. ಕೆಲವೇ ವರ್ಷಗಳಲ್ಲಿ ಅದನ್ನು ಹಿಂತೆಗೆದುಕೊಂಡಿತು. ಜಪಾನಿನ ತಯಾರಕರು ತಮ್ಮ ದೇಶದ ಕಾರುಗಳ ವೇಗವನ್ನು 180ಕ್ಕೆ ನಿಲ್ಲಿಸಲು ತಾವೇ ಒಪ್ಪಿಕೊಂಡರು. ಆದರೆ ಅಲ್ಲಿಯ ಬಹುಪಾಲು ಹೆದ್ದಾರಿಗಳ ಮಿತಿ 100. ಜರ್ಮನಿಯ ಆಟೋಬಾನ್ ಹೆದ್ದಾರಿಗಳ ಹಲವು ಭಾಗಗಳಲ್ಲಿ ಇಂದಿಗೂ ಕಡ್ಡಾಯ ಮಿತಿಯಿಲ್ಲ. ಅಲ್ಲಿಯ ದೊಡ್ಡ ಕಾರುಗಳ ತಯಾರಕರು 250ಕ್ಕೆ ತಡೆ ಹಾಕಿಕೊಂಡರು. ಒಂದೇ ಮಾದರಿಯನ್ನು ಹಲವು ದೇಶಗಳಿಗೆ ಮಾರುವ ಕಂಪನಿಯು ಅತ್ಯಂತ ಸಡಿಲವಾದ ದೇಶವನ್ನು ಮನಸ್ಸಿನಲ್ಲಿಟ್ಟು ಕಾರನ್ನು ರೂಪಿಸುತ್ತದೆ. ಬಿಗಿಯಾದ ದೇಶಕ್ಕೂ ಅದೇ ಕಾರು ಬರುತ್ತದೆ. 2020ರಿಂದ ಸ್ವೀಡನ್ನಿನ ವೋಲ್ವೋ ಕಂಪನಿಯು ತನ್ನ ಹೊಸ ಕಾರುಗಳನ್ನು 180ಕ್ಕೆ ಮಿತಿಗೊಳಿಸಿದ್ದು ಆ ವ್ಯಾಪಾರದಲ್ಲಿ ಅಪರೂಪದ ನಡೆಯಾಗಿತ್ತು. ಯೂರೋಪಿನ ಒಕ್ಕೂಟದಲ್ಲಿ 2024ರ ಜುಲೈಯಿಂದ ಮಾರಾಟವಾಗುವ ಹೊಸ ಕಾರುಗಳೆಲ್ಲವೂ ರಸ್ತೆಯ ಮಿತಿಯನ್ನು ತಾವೇ ಗುರುತಿಸಿ ಚಾಲಕನನ್ನು ಎಚ್ಚರಿಸಬೇಕು. ಆದರೆ ಆ ಎಚ್ಚರಿಕೆಯನ್ನು ಮೀರುವ, ಆರಿಸುವ ಸ್ವಾತಂತ್ರ್ಯ ಚಾಲಕನಿಗೇ ಉಂಟು. ನಮ್ಮಲ್ಲಿ 2019ರ ಜುಲೈ 1ರಿಂದ ಹೊಸ ಕಾರುಗಳು 80 ದಾಟಿದಾಗ ಆಗಾಗ, 120 ದಾಟಿದಾಗ ಎಡೆಬಿಡದೆ, ‘ಬೀಪ್’ ಎಂದು ಕೂಗುತ್ತವೆ. ಯಂತ್ರವು ಎಚ್ಚರಿಸುತ್ತದೆ, ನಿಲ್ಲಿಸುವುದಿಲ್ಲ.

ಇಂತಹ ಎಚ್ಚರಿಕೆಯ ಫಲವೇನು? 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನ ಪ್ರಾಣ ಕಳೆದುಕೊಂಡರೆಂದೂ, ಅವರಲ್ಲಿ ನೂರಕ್ಕೆ 71ರಷ್ಟು ಸಾವುಗಳು ಅತಿವೇಗದ ಲೆಕ್ಕಕ್ಕೆ ಸೇರಿದವೆಂದೂ ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಬೆಂಗಳೂರು–ಮೈಸೂರು ಹೆದ್ದಾರಿ ತೆರೆದ ಮೊದಲ ತಿಂಗಳುಗಳಲ್ಲಿ ಬಂದ ಸಾವಿನ ಸುದ್ದಿಗಳನ್ನು ವಾಚಕರು ಮರೆತಿರಲಾರರು. 2023ರ ಆಗಸ್ಟ್ 1ರಿಂದ ಅಲ್ಲಿ ಬೈಕು, ಆಟೋ, ಟ್ರ್ಯಾಕ್ಟರುಗಳನ್ನು ಮುಖ್ಯರಸ್ತೆಯಿಂದ ಹೊರಗಿಡಲಾಯಿತು. ವೇಗವನ್ನು ಅಳೆಯುವ ಉಪಕರಣಗಳೂ ಕ್ಯಾಮೆರಾಗಳೂ ಬಂದವು. ಸಾವುಗಳು ಸ್ಪಷ್ಟವಾಗಿ ಕಡಿಮೆಯಾದವು. 2024ರ ಆಗಸ್ಟ್ 1ರಿಂದ ರಾಜ್ಯದಲ್ಲಿ ಎಲ್ಲಿಯೇ ಆಗಲಿ 130 ಮೀರಿದವರ ಮೇಲೆ ಪ್ರಥಮ ವರ್ತಮಾನ ವರದಿ ದಾಖಲಿಸಲಾಗುವುದೆಂದು ಪೊಲೀಸ್ ಇಲಾಖೆ ಪ್ರಕಟಿಸಿತು. ಇದರ ಅರ್ಥವನ್ನು ಗಮನಿಸಿರಿ. 130ರ ಆಚೆಗಿನದು ಅಪರಾಧ. ಆದರೆ 130ರ ಆಚೆಗೆ ಹೋಗುವ ಯಂತ್ರವನ್ನು ಮಾರುವುದು, ಕೊಳ್ಳುವುದು, ನೋಂದಣಿ ಮಾಡುವುದು ಇವೆಲ್ಲವೂ ನಿರ್ದೋಷ.

ವೇಗ ಸ್ವಲ್ಪ ಹೆಚ್ಚಾದರೆ ಅಪಾಯವೂ ಸ್ವಲ್ಪ ಹೆಚ್ಚುತ್ತದೆಂದು ನಾವು ತಿಳಿಯುತ್ತೇವೆ. ಲೆಕ್ಕ ಹಾಗಿಲ್ಲ. ಓಡುವ ವಸ್ತುವಿನ ಹೊಡೆತದ ಶಕ್ತಿಯು ವೇಗದ ವರ್ಗದಂತೆ ಬೆಳೆಯುತ್ತದೆ. ವೇಗ ಎರಡರಷ್ಟಾದರೆ ಹೊಡೆತ ನಾಲ್ಕರಷ್ಟು. ಒಂದು ಕಾರು 100ರಲ್ಲಿಯೂ, ಮತ್ತೊಂದು 120ರಲ್ಲಿಯೂ ಅಕ್ಕಪಕ್ಕದಲ್ಲಿ ಬರುತ್ತಿವೆ ಎಂದಿಟ್ಟುಕೊಳ್ಳೋಣ. ಇಬ್ಬರು ಚಾಲಕರೂ ಒಂದೇ ಸ್ಥಳದಲ್ಲಿ, ಒಂದೇ ಬಲದಿಂದ ಬ್ರೇಕ್ ಒತ್ತುತ್ತಾರೆ. 100ರ ಕಾರು ಪೂರ್ತಿಯಾಗಿ ನಿಂತ ಜಾಗದಲ್ಲಿ 120ರ ಕಾರು ಇನ್ನೂ 66ರ ವೇಗದಲ್ಲಿರುತ್ತದೆ. ಮೊದಲಿನ ಕಾರಿನ ಮುಂದೆ ನಿಂತ ಮನುಷ್ಯ ಬದುಕುತ್ತಾನೆ. ಎರಡನೆಯದರ ಮುಂದೆ ನಿಂತವನು ಬಹುತೇಕ ಬದುಕಲಾರ. ವ್ಯತ್ಯಾಸ ಕೇವಲ 20 ಎಂದು ಚಾಲಕ ಭಾವಿಸಿದ್ದನು.

ಈ ನಷ್ಟಕ್ಕೆ ಎದುರಾಗಿ ಲಾಭವೇನು? ವ್ಯಾಪಾರಿಗಳಾದ ನಾವು ಖಾತೆಯ ಎರಡೂ ಬದಿಯನ್ನು ನೋಡಬೇಕು. ಬೆಂಗಳೂರು–ಮೈಸೂರು ನಡುವಿನ 118 ಕಿಲೋಮೀಟರುಗಳನ್ನು 100ರ ವೇಗದಲ್ಲಿ 71 ನಿಮಿಷಗಳಲ್ಲಿಯೂ, 120ರಲ್ಲಿ 59 ನಿಮಿಷಗಳಲ್ಲಿಯೂ ಕ್ರಮಿಸಬಹುದು. ಉಳಿದದ್ದು 12 ನಿಮಿಷ. ಅದೂ ದಾರಿಯುದ್ದಕ್ಕೂ ಎಲ್ಲಿಯೂ ನಿಧಾನಿಸದಿದ್ದರೆ ಮಾತ್ರ. ಹುಣಸೂರು ದಾಟಿದ ಮೇಲೆ ಮರದ ದಿಮ್ಮಿ ಹೊತ್ತ ಒಂದು ಲಾರಿಯ ಹಿಂದೆ ಸಿಕ್ಕಿಕೊಂಡರೆ ಆ 12 ನಿಮಿಷಗಳು ಅಲ್ಲಿಯೇ ಕರಗಿಹೋಗುತ್ತವೆ. ಆದರೆ ಗಾಳಿಯ ತಡೆ ಹೆಚ್ಚಿದ್ದರಿಂದ ಸುಟ್ಟ ಇಂಧನ ಮರಳಿ ಬಾರದು. ದಾರಿಯಲ್ಲಿ ಒಡ್ಡಿಕೊಂಡ ಅಪಾಯಕ್ಕೂ ಬೆಲೆ ಬರಲಿಲ್ಲ. ಇಂಥ ವ್ಯವಹಾರವನ್ನು ಅಂಗಡಿಯಲ್ಲಿ ಯಾವ ವಿವೇಕಿಯೂ ಮಾಡಲಾರನು.

ಕಾರಿಗೆ ಯಾಂತ್ರಿಕ ಮಿತಿ ಬೇಡವೆನ್ನುವವರ ವಾದವನ್ನೂ ಕೇಳಬೇಕು. ಎದುರಿನಿಂದ ವಾಹನ ಬರುತ್ತಿರುವಾಗ, ಹಿಂದಿಕ್ಕುವ ಕ್ರಿಯೆಯ ನಡುವೆ ಯಂತ್ರವು ಕೈಕೊಟ್ಟರೆ ಅಪಾಯವೆಂದು ಅವರು ಹೇಳುತ್ತಾರೆ. ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ನಮ್ಮ ಎರಡು ಪಥದ ರಸ್ತೆಗಳಲ್ಲಿ ಹಿಂದಿಕ್ಕಲು 130 ಬೇಕಾಗುವಂತಿದ್ದರೆ, ಆಗ ಹಿಂದಿಕ್ಕಲೇಬಾರದು ಎಂಬುದು ಅದಕ್ಕಿಂತ ದೊಡ್ಡ ಸತ್ಯ. ಎರಡನೆಯ ವಾದ ಇನ್ನೂ ಗಟ್ಟಿಯಾದುದು: ಒಂದೇ ಅಂಕಿಯ ಮಿತಿಯು ಎಲ್ಲ ಸ್ಥಳಗಳಿಗೂ ಸಲ್ಲದು. ಇದನ್ನು ಕೊಡಗಿನವರಾದ ನಾವು ಚೆನ್ನಾಗಿ ಬಲ್ಲೆವು. ಹುಣಸೂರಿನಿಂದ ಗೋಣಿಕೊಪ್ಪಲಿಗೆ ಬರುವ ದಾರಿ ನಾಗರಹೊಳೆಯ ಕಾಡನ್ನು ಹಾಯುತ್ತದೆ. 2018ರ ಅಕ್ಟೋಬರಿನಲ್ಲಿ ಆ ದಾರಿಯ ಮತ್ತಿಗೋಡು ಶಿಬಿರದ ಬಳಿ, ರಂಗ ಎಂಬ ಸಾಕಾನೆಯು ರಾತ್ರಿ ವೇಳೆ ಬಸ್ಸೊಂದು ಡಿಕ್ಕಿ ಹೊಡೆದು ಸತ್ತಿತು. ಅಷ್ಟು ದೊಡ್ಡ ಪ್ರಾಣಿಯೇ ಚಾಲಕನಿಗೆ ಸಕಾಲದಲ್ಲಿ ಕಾಣದೆ ಹೋದ ದಾರಿಯಲ್ಲಿ ಜಿಂಕೆ, ಮುಂಗುಸಿ, ಹಾವು, ಕಪ್ಪೆಗಳ ಗತಿಯೇನು? ಅಂತಹ ದಾರಿಯಲ್ಲಿ 80ರ ಕಡಿವಾಣವೂ ಏನನ್ನೂ ಕಾಪಾಡದು. ಅಲ್ಲಿ 40 ಕೂಡ ಹೆಚ್ಚೇ. ಆದ್ದರಿಂದ ಯಂತ್ರದ ಮಿತಿಯೊಂದೇ ಸಾಲದು, ಚಾಲಕನ ಎಚ್ಚರವೂ ಬೇಕು ಎಂಬುದು ನಿಜ. ಆದರೆ ಎಚ್ಚರವೂ ಬೇಕೆಂಬ ಕಾರಣಕ್ಕೆ ಮಿತಿಯೇ ಬೇಡವೆನ್ನುವುದು, ವ್ಯಾಪಾರಿ ಪ್ರಾಮಾಣಿಕನಾಗಿರಬೇಕಾದ್ದರಿಂದ ತಕ್ಕಡಿಗೆ ಮುದ್ರೆ ಬೇಡವೆಂದಂತೆ.

ಇಲ್ಲಿ ನಮ್ಮ ಶ್ರಾವಕಧರ್ಮದ ಒಂದು ವಿಚಾರ ನೆರವಿಗೆ ಬರುತ್ತದೆ. ಗೃಹಸ್ಥನ ಗುಣವ್ರತಗಳಲ್ಲಿ ದಿಗ್ವ್ರತವೂ ಒಂದು: ಇಂಥ ದಿಕ್ಕಿನಲ್ಲಿ ಇಷ್ಟು ದೂರ, ಅದರಾಚೆಗೆ ಹೋಗೆನು ಎಂಬ ನಿಶ್ಚಯ. ಹೋಗಲು ಕಾಲಿಲ್ಲದವನಿಗೆ, ಹಡಗು ಬಂಡಿಗಳಿಲ್ಲದವನಿಗೆ ಈ ವ್ರತದ ಅಗತ್ಯವೇ ಇಲ್ಲ. ಹೋಗಬಲ್ಲವನು, ಹೋದರೆ ಲಾಭವೂ ಆಗುವಂಥವನು, ತನ್ನ ಶಕ್ತಿಗೆ ತಾನೇ ಎಲ್ಲೆಯನ್ನು ಹಾಕಿಕೊಳ್ಳುವುದರಲ್ಲಿ ಅದರ ಅರ್ಥವಿದೆ. ಶಕ್ತಿಯಿರುವುದು ಬಳಸಲೇಬೇಕೆಂಬುದಕ್ಕೆ ಕಾರಣವಲ್ಲ ಎಂದು ನಮ್ಮ ಹಿರಿಯರು ಬಹು ಹಿಂದೆಯೇ ಕಂಡುಕೊಂಡಿದ್ದರು. ಕಾರು 180 ಹೋಗಬಲ್ಲದೆಂಬುದು ಅದರ ಸಾಮರ್ಥ್ಯದ ಮಾತು. ನಾನು 90ರ ಆಚೆ ಹೋಗೆನೆಂಬುದು ನನ್ನ ನಡತೆಯ ಮಾತು. ಈ ಎರಡನ್ನು ಬೆರೆಸಿದಾಗಲೇ ‘ಗಾಡಿಯಲ್ಲಿ ದಮ್ಮಿದೆ, ಸುಮ್ಮನೆ ಏಕೆ ಬಿಡಬೇಕು’ ಎಂಬ ಮಾತು ಹುಟ್ಟುವುದು.

ಆದರೆ ಆ ಆಚಾರ್ಯರು ಕೇವಲ ವ್ರತವನ್ನು ಹೇಳಿ ಸುಮ್ಮನಾಗಲಿಲ್ಲ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡದ ಐದು ಬಗೆಗಳನ್ನು ಎಣಿಸುವಾಗ ಹಿಂಸಾದಾನವನ್ನೂ, ಪ್ರಮಾದಚರ್ಯೆಯನ್ನೂ ಹೇಳಲಾಗಿದೆ. ಹಿಂಸೆಗೆ ಒದಗುವ ಉಪಕರಣವನ್ನು ಮತ್ತೊಬ್ಬರ ಕೈಗೆ ಕೊಡುವುದು ಹಿಂಸಾದಾನ. ಪ್ರಯೋಜನವಿಲ್ಲದೆ ಅಜಾಗರೂಕತೆಯಿಂದ ವರ್ತಿಸುವುದು ಪ್ರಮಾದಚರ್ಯೆ. ಕಾರನ್ನು ಖಡ್ಗಕ್ಕೂ ವಿಷಕ್ಕೂ ಸಮಾನವೆಂದು ಹೇಳುವಷ್ಟು ಅವಿವೇಕಿ ನಾನಲ್ಲ. ಅದು ಮುಖ್ಯವಾಗಿ ಉಪಕಾರದ ವಸ್ತು. ಆದರೆ ಅದರಲ್ಲಿ ಉಪಕಾರಕ್ಕೆ ಬೇಕಾದಷ್ಟು ವೇಗವೆಷ್ಟು, ಯಾವ ಉಪಕಾರಕ್ಕೂ ಬೇಡವಾದ ವೇಗವೆಷ್ಟು ಎಂಬುದನ್ನು ನಾವು ಮೇಲೆ ಲೆಕ್ಕ ಹಾಕಿ ನೋಡಿದ್ದೇವೆ. ಯಾವ ರಸ್ತೆಯೂ ಒಪ್ಪದ ಆ ಉಳಿದ ವೇಗವನ್ನು ಜಾಹೀರಾತಿನ ಬೆಡಗಿನೊಂದಿಗೆ ಮಾರುವವನಿಗೂ, ಅದನ್ನೇ ಕೇಳಿ ಕೊಳ್ಳುವವನಿಗೂ, ಹದಿನೆಂಟು ತುಂಬಿದ ಮಗನ ಕೈಗೆ ಅದರ ಕೀಲಿಯನ್ನು ಕೊಡುವ ತಂದೆಗೂ ಈ ಎರಡು ಶಬ್ದಗಳು ಅನ್ವಯಿಸುತ್ತವೆಯೇ ಎಂದು ವಾಚಕರು ತಾವೇ ವಿಚಾರಿಸಬೇಕು.

ಇದು ನಮಗೆ ದೂರದ ವಿಷಯವೂ ಅಲ್ಲ. ನಮ್ಮ ತ್ಯಾಗಿಗಳು ವಾಹನವೇರುವವರಲ್ಲ. ಒಂದು ಕ್ಷೇತ್ರದಿಂದ ಇನ್ನೊಂದಕ್ಕೆ ವಿಹಾರ ಮಾಡುವ ಮುನಿಗಳೂ ಆರ್ಯಿಕೆಯರೂ ಸಾಧ್ವಿಗಳೂ ಇಂದು ಹೆದ್ದಾರಿಯ ಅಂಚಿನಲ್ಲಿಯೇ ನಡೆಯಬೇಕಾಗಿದೆ. ವಾಹನ ಬಡಿದು ಅವರಲ್ಲಿ ಕೆಲವರು ದೇಹತ್ಯಾಗ ಮಾಡಬೇಕಾದ ದುಃಖದ ವಾರ್ತೆಗಳನ್ನು ಈ ವರ್ಷಗಳಲ್ಲಿ ನಾವು ಮತ್ತೆ ಮತ್ತೆ ಓದಿದ್ದೇವೆ. ಈರ್ಯಾಸಮಿತಿಯನ್ನು ಪಾಲಿಸುವವರು ನಾಲ್ಕು ಮೊಳದಷ್ಟು ನೆಲವನ್ನು ಮುಂದೆ ನೋಡಿ, ಇರುವೆಯೂ ಕಾಲಡಿಗೆ ಸಿಕ್ಕದಂತೆ ಹೆಜ್ಜೆಯಿಡುತ್ತಾರೆ. ಅವರ ಹಿಂದಿನಿಂದ 100ರ ವೇಗದಲ್ಲಿ ಬರುವ ಕಾರು ಒಂದು ಸೆಕೆಂಡಿಗೆ 28 ಮೀಟರ್ ಸಾಗುತ್ತದೆ. ಅದೇ ನಾಲ್ಕು ಮೊಳವನ್ನು ಒಂದು ಸೆಕೆಂಡಿನ ಹದಿನೈದನೆಯ ಒಂದು ಭಾಗದಲ್ಲಿ ನುಂಗುತ್ತದೆ. ಚಾಲಕನು ಕಂಡು, ತಿಳಿದು, ಬ್ರೇಕ್ ಒತ್ತಿ, ಒಣಗಿದ ಒಳ್ಳೆಯ ರಸ್ತೆಯಲ್ಲಿ ಕಾರು ನಿಲ್ಲಬೇಕಾದರೆ ಸುಮಾರು 84 ಮೀಟರ್ ಬೇಕು. 130ರಲ್ಲಿ ಸುಮಾರು 130 ಮೀಟರ್. ಮಳೆಯಲ್ಲಿ ಇನ್ನೂ ಹೆಚ್ಚು. ಬೆಳಗಿನ ಮಂಜಿನಲ್ಲಿ ನಮ್ಮ ಕಣ್ಣಿಗೆ ಅಷ್ಟು ದೂರ ಕಾಣುವುದೇ ಇಲ್ಲ. ಕಾಣದಷ್ಟು ದೂರವನ್ನು ನಂಬಿ ಓಡಿಸುವುದಕ್ಕೆ ಪ್ರಮಾದವೆಂದಲ್ಲದೆ ಬೇರೆ ಹೆಸರಿಲ್ಲ. ಆ ದರ್ಶನಕ್ಕಾಗಿಯೇ ಧಾವಿಸುವ ಶ್ರಾವಕರ ಕಾರುಗಳೂ ಅದೇ ರಸ್ತೆಯಲ್ಲಿ ಅದೇ ವೇಗದಲ್ಲಿ ಓಡುತ್ತವೆಂಬುದನ್ನು ಸಂಕೋಚದಿಂದಲೇ ಹೇಳಬೇಕಾಗಿದೆ.

ಇನ್ನೊಂದು ಮಾತು ಯಜಮಾನರಿಗೆ. ನಮ್ಮಲ್ಲಿ ಅನೇಕರು ಸ್ವತಃ ವಾಹನ ನಡೆಸುವವರಲ್ಲ. ನಡೆಸುವವರಿಗೆ ಸಂಬಳ ಕೊಡುವವರು. 1988ರ ಮೋಟಾರು ವಾಹನ ಕಾಯಿದೆಯ 183ನೆಯ ಕಲಮು, ಮಿತಿ ಮೀರಿ ಓಡಿಸಿದವನನ್ನು ಮಾತ್ರವಲ್ಲ, ತನ್ನ ನೌಕರನಿಂದ ಹಾಗೆ ಓಡಿಸಿದವನನ್ನೂ ದಂಡಕ್ಕೆ ಗುರಿಪಡಿಸುತ್ತದೆ. ಅದಕ್ಕಿಂತ ಮುಂದೆ ಹೋಗಿ, ವೇಗದ ಮಿತಿಯನ್ನು ಮುರಿಯದೆ ತಲಪಲಾಗದಂತಹ ವೇಳಾಪಟ್ಟಿಯನ್ನು ಪ್ರಕಟಿಸಿದರೆ ಅಥವಾ ಇಷ್ಟೇ ಸಮಯದಲ್ಲಿ ತಲಪಬೇಕೆಂದು ಅಪ್ಪಣೆ ಕೊಟ್ಟರೆ, ಆ ಅಪ್ಪಣೆಯೇ ಅಪರಾಧಕ್ಕೆ ಮೇಲ್ನೋಟದ ಸಾಕ್ಷ್ಯವೆಂದು ಅದು ಹೇಳುತ್ತದೆ. ‘ಸಂಜೆ ಐದರೊಳಗೆ ಮಾಲು ಮಂಗಳೂರಿನಲ್ಲಿರಬೇಕು’ ಎಂದು ಗದ್ದುಗೆಯ ಮೇಲೆ ಕುಳಿತು ಫೋನಿನಲ್ಲಿ ಹೇಳುವ ನಾವು ಈ ವಾಕ್ಯವನ್ನು ಬರೆದು ಗೋಡೆಗೆ ಅಂಟಿಸಿಕೊಳ್ಳಬೇಕು. ನಮ್ಮ ಸರಕು ಸಾಗಿಸುವ ಚಾಲಕನೊಬ್ಬನನ್ನು ಗಾಡಿಯ 80ರ ಮಿತಿಯಿಂದ ತೊಂದರೆಯಾಗುವುದಿಲ್ಲವೇ ಎಂದು ಕೇಳಿದೆ. ‘ತೊಂದರೆ ಏನಿಲ್ಲ ಯಜಮಾನ್ರೇ, ಗಾಡಿ ಎಂಬತ್ತರ ಮೇಲೆ ಹೋಗಲ್ಲ ಅಂದ್ಬಿಟ್ರೆ ಯಾರೂ ನನ್ನ ಮೇಲೆ ಜೋರು ಮಾಡಲ್ಲ’ ಎಂದನು. ಯಂತ್ರದ ಮಿತಿಯು ದಾರಿಹೋಕನಿಗಲ್ಲದೆ, ಇಲ್ಲವೆನ್ನಲು ಶಕ್ತಿಯಿಲ್ಲದ ಬಡ ಚಾಲಕನಿಗೂ ರಕ್ಷಣೆಯೆಂಬ ಅಂಶವು ನನಗೆ ಯಾವ ಪುಸ್ತಕದಲ್ಲಿಯೂ ಸಿಕ್ಕಿರಲಿಲ್ಲ.

ಕಾರುಗಳು ಮಿತಿಗಿಂತ ಬಹಳ ವೇಗವಾಗಿ ಹೋಗಬಲ್ಲವೇಕೆ ಎಂಬ ಪ್ರಶ್ನೆಗೆ, ಹೀಗೆ, ಉತ್ತರ ಮೂರು ಪದರಗಳದು. ಒಂದು ಪಾಲು ಘಟ್ಟದ ಅಗತ್ಯ; ಅದು ಸಾಧು. ಒಂದು ಪಾಲು ಬೇರೆ ದೇಶಗಳ ರಸ್ತೆಗಳಿಗಾಗಿ. ಅದು ವ್ಯಾಪಾರದ ಅನುಕೂಲ. ಉಳಿದ ಪಾಲು ನಮ್ಮ ಬಯಕೆಗಾಗಿ. 110ಕ್ಕೆ ನಿಲ್ಲುವ ಕಾರನ್ನು ಮಾರಾಟಕ್ಕಿಟ್ಟರೆ ಕೊಳ್ಳುವವರಿಲ್ಲವೆಂದು ತಯಾರಕನು ನಂಬಿದ್ದಾನೆ. ಅವನ ನಂಬಿಕೆಯನ್ನು ನಾವು ಈವರೆಗೆ ಸುಳ್ಳು ಮಾಡಿಲ್ಲ. ಕೊಳ್ಳುವವನು ಕೇಳಿದ ಸರಕನ್ನೇ ಅಂಗಡಿಯವನು ತರಿಸುತ್ತಾನೆಂಬುದು ನಮಗೆ ಯಾರೂ ಕಲಿಸಬೇಕಾದ ಪಾಠವಲ್ಲ.

ಕಾನೂನು ಬದಲಾಗುವವರೆಗೆ ಕಾಯಬೇಕಾಗಿಲ್ಲ. ಇಂದಿನ ಹಲವು ಕಾರುಗಳಲ್ಲಿ ಚಾಲಕನೇ ತನ್ನ ಮಿತಿಯನ್ನು ನಿಗದಿಮಾಡುವ, ಅದನ್ನು ಮೀರಿದರೆ ಎಚ್ಚರಿಸುವ ಅಥವಾ ಅಲ್ಲಿಗೇ ತಡೆಯುವ ಸೌಲಭ್ಯ ಇರುತ್ತದೆ. ಬಹುತೇಕರು ಅದನ್ನು ತೆರೆದೂ ನೋಡಿರುವುದಿಲ್ಲ. ಕಾರು ಕೊಳ್ಳುವ ಕುಟುಂಬಗಳು ಮೈಲೇಜು, ಬಣ್ಣಗಳ ಜೊತೆಗೆ ಇದನ್ನೂ ಕೇಳಲಿ. ಕೊಂಡ ದಿನವೇ ಮನೆಯವರೆಲ್ಲರೂ ಕುಳಿತು ಒಂದು ಅಂಕಿಯನ್ನು ಒಪ್ಪಿ, ಅದನ್ನು ಯಂತ್ರದಲ್ಲಿಯೂ ಮನಸ್ಸಿನಲ್ಲಿಯೂ ಸ್ಥಾಪಿಸಲಿ. ಬಸದಿಗಳ ಟ್ರಸ್ಟುಗಳು ತಮ್ಮ ವಾಹನಗಳಿಗೂ, ಶ್ರವಣಬೆಳಗೊಳ, ಮೂಡುಬಿದಿರೆ, ನಮ್ಮ ಮುಳ್ಳೂರು ಮುಂತಾದ ಕ್ಷೇತ್ರಗಳ ಯಾತ್ರೆಗೆ ಬಾಡಿಗೆ ಹಿಡಿಯುವ ವಾಹನಗಳಿಗೂ ವೇಗದ ಮಿತಿಯನ್ನು ಠರಾವಿನಲ್ಲಿ ಬರೆಯಲಿ. ಪೂಜೆಯ ಸಮಯವನ್ನು ಗೊತ್ತುಮಾಡುವಾಗ ದಾರಿಯ ಸಮಯವನ್ನು ಧಾರಾಳವಾಗಿ ಇಟ್ಟುಕೊಳ್ಳಲಿ. ಮುನಿಸಂಘದ ವಿಹಾರವಿರುವ ದಿನಗಳಲ್ಲಿ ಮುಂದೆ ಹಿಂದೆ ಎದ್ದುಕಾಣುವ ಬಟ್ಟೆ ತೊಟ್ಟ ಸ್ವಯಂಸೇವಕರನ್ನು ನಿಲ್ಲಿಸುವುದು ಹೇಗೆ ಟ್ರಸ್ಟಿನ ಕರ್ತವ್ಯವೋ, ತಮ್ಮ ಸದಸ್ಯರ ಕಾರುಗಳು ಆ ರಸ್ತೆಯಲ್ಲಿ ಹೇಗೆ ಬರುತ್ತವೆ ಎಂದು ವಿಚಾರಿಸುವುದೂ ಹಾಗೆಯೇ ಕರ್ತವ್ಯ. ಇವಾವುವೂ ದುಬಾರಿಯಲ್ಲ, ಸರ್ಕಾರದ ಅಪ್ಪಣೆಯೂ ಬೇಕಿಲ್ಲ. ಮುಂದಿನ ಟ್ರಸ್ಟ್ ಸಭೆಯ ಕಾರ್ಯಸೂಚಿಯಲ್ಲಿ ಒಂದು ಸಾಲಿನಷ್ಟು ಜಾಗ ಸಾಕು.